ಜಿಐ ಪೈಪ್ ವೆಲ್ಡಿಂಗ್ ಮಾಡಿದ ರಾತ್ರಿ ಹುಡುಗರಿಗೆ ಚಳಿಜ್ವರ, ಏನು ಮಾಡೋದು?

ಮಂಜು_ಗ್ರಿಲ್ಸ್
ಎಲ್ಲರಿಗೂ ನಮಸ್ಕಾರ. ಕೋಲಾರದ ಹತ್ತಿರ ನನ್ನದೊಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ ಮಾಡುತ್ತೇವೆ. ಈ ಸಲ ಪಾಲಿಹೌಸ್ ಆರ್ಡರ್ ಬಂತು, ಪೂರ್ತಿ ಜಿಐ ಪೈಪು, ಅಂದರೆ ತುಕ್ಕು ಹಿಡಿಯದ ಹಾಗೆ ಲೇಪ ಹಾಕಿದ ಕಬ್ಬಿಣದ ಪೈಪು. ಮಳೆ ಅಂತ ಶಟರ್ ಎಳೆದುಕೊಂಡು ಸೋಮವಾರ ಇಡೀ ದಿನ ವೆಲ್ಡಿಂಗ್ ಮಾಡಿದೆವು. ರಾತ್ರಿ ಎಂಟಕ್ಕೆ ಇಬ್ಬರು ಹುಡುಗರಿಗೆ ನಡುಕ ಶುರುವಾಯಿತು. ಚಳಿ, ಮೈಕೈ ನೋವು, ಬಾಯಲ್ಲಿ ನಾಣ್ಯ ಚೀಪಿದ ಹಾಗೆ ಒಂಥರಾ ರುಚಿ. ಮಲೇರಿಯಾ ಇರಬೇಕು ಅಂದುಕೊಂಡೆವು. ಬುಧವಾರ ಬೆಳಗ್ಗೆ ಇಬ್ಬರೂ ಏನೂ ಆಗಿಲ್ಲ ಅನ್ನೋ ಹಾಗೆ ಕೆಲಸಕ್ಕೆ ಬಂದರು. ಇನ್ನೂ 200 ಜಾಯಿಂಟ್ ಬಾಕಿ ಇದೆ. ಮತ್ತೆ ರಾಡ್ ಹಿಡಿಸೋಕೆ ನನಗೆ ಧೈರ್ಯ ಬರುತ್ತಿಲ್ಲ.

ಶ್ರೀ_ಲೇತ್
ಅದು ಜಿಐ ಹೊಗೆಯಿಂದ ಬರೋ ಜ್ವರ ಮಂಜಣ್ಣ. ನಮ್ಮಲ್ಲಿ ಕೆಲಸಕ್ಕೆ ಮುಂಚೆ ಒಂದು ಲೋಟ ಹಾಲು, ಒಂದು ಅಚ್ಚು ಬೆಲ್ಲ ಕೊಡುತ್ತೇವೆ.

ರಾಡ್_ಮೇಷ್ಟ್ರು
ಶ್ರೀ, ಹಾಲು ಕೊಡಿ, ಬೇಡ ಅನ್ನಲ್ಲ. ಆದರೆ ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ಹಾಲು ಕುಡಿದಿದ್ದೇನೆ ಅನ್ನೋ ಧೈರ್ಯದಲ್ಲಿ ಹುಡುಗರು ಮುಖ ಇನ್ನೂ ಹತ್ತಿರ ತರುತ್ತಾರೆ. ನನಗೆ ಅದೇ ಚಿಂತೆ.

ಮಂಜು, ಜಿಐ ಮೇಲಿನ ಲೇಪ ಸತು. ಅದು 907 ಡಿಗ್ರಿಗೇ ಕುದಿಯುತ್ತದೆ. ಉಕ್ಕು ಕರಗೋಕೆ 1,500ರ ಹತ್ತಿರ ಬೇಕು. ಅಂದರೆ ಪೈಪು ಕರಗೋ ಹೊತ್ತಿಗೆ ಸತು ಆವಿಯಾಗಿ, ಗಾಳಿಯಲ್ಲಿ ಬಿಳಿ ಹೊಗೆಯಾಗಿ ಎದ್ದಿರುತ್ತದೆ. ಹೆಲ್ಮೆಟ್ ಮೇಲೆ, ಟೇಬಲ್ ಮೂಲೆಯಲ್ಲಿ ಹತ್ತಿ ಎಳೆ ತರ ಬಿಳಿ ನವಿರು ಕೂತಿದೆಯಾ ನೋಡಿ. ಅದೇ ಹುಡುಗರ ಎದೆಗೂ ಹೋಗಿದೆ. ಹೊಗೆ ಕುಡಿದು ನಾಲ್ಕರಿಂದ ಹತ್ತು ಗಂಟೆ ಆದಮೇಲೆ ಜ್ವರ ಬರುತ್ತದೆ, ಒಂದೆರಡು ದಿನಕ್ಕೆ ಹೋಗುತ್ತದೆ. ವಾರದ ಮಧ್ಯೆ ಮೈ ಒಗ್ಗಿಕೊಳ್ಳುತ್ತದೆ, ಭಾನುವಾರ ರಜೆ ಆದರೆ ಆ ಒಗ್ಗಿಕೆ ಹೋಗುತ್ತದೆ. ಅದಕ್ಕೇ ಸೋಮವಾರ ಜಾಸ್ತಿ. ಒಗ್ಗಿತು ಅಂತ ಸುಮ್ನಿರಬೇಡಿ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲೇ ತೀರ್ಮಾನಿಸಿದೆ.

ಮೊದಲು ಒಂದು ಕೇಳುತ್ತೇನೆ. 200 ಜಾಯಿಂಟೂ ವೆಲ್ಡೇ ಆಗಬೇಕಾ? ಪಾಲಿಹೌಸ್‌ಗೆ ಕ್ಲಾಂಪು, ಬೋಲ್ಟು ಸಿಗುತ್ತದೆ. ವೆಲ್ಡ್ ಮಾಡದ ಜಾಯಿಂಟಿಂದ ಹೊಗೆಯೇ ಇಲ್ಲ, ಅಲ್ವಾ? ಬೇಕೇ ಬೇಕು ಅನ್ನೋ ಕಡೆ ಎರಡೂ ಬದಿ ಒಂದೊಂದು ಇಂಚು ಗ್ರೈಂಡ್ ಮಾಡಿ ಸತು ತೆಗೆಯಿರಿ. ಗ್ರೈಂಡಿಂಗ್‌ಗೂ ಮಾಸ್ಕ್ ಬೇಕು. ಪೈಪ್ ಒಳಗಿನ ಸತು ಹಾಗೇ ಉಳಿಯುತ್ತದೆ, ಆದ್ದರಿಂದ ಹೊಗೆ ಕಡಿಮೆಯಾಗುತ್ತದೆ ಅಷ್ಟೇ.

ಮಂಜು_ಗ್ರಿಲ್ಸ್
ಮೇಷ್ಟ್ರೇ, ಬಿಳಿ ನವಿರು ಇತ್ತು! ಧೂಳು ಅಂತ ಒರೆಸಿಬಿಟ್ಟೆ. ಫ್ಯಾನ್ ಇಟ್ಟಿದ್ದೆವು, ಹುಡುಗರ ಬೆನ್ನ ಹಿಂದೆ. ಮುಖಕ್ಕೆ ಕರ್ಚೀಫು.

ರಾಡ್_ಮೇಷ್ಟ್ರು
ಬೆನ್ನಿಗೆ ಗಾಳಿ ಬಿಟ್ಟರೆ ಅದು ಮೈ ಸುತ್ತಿಕೊಂಡು ಎದೆಯ ಮುಂದೆ ಸುಳಿ ಹಾಕುತ್ತದೆ. ಹೊಗೆ ನೇರ ಮುಖಕ್ಕೇ ಬರುತ್ತದೆ. ಫ್ಯಾನ್ ಪಕ್ಕದಲ್ಲಿ ಇಡಿ, ಎದುರು ಬಾಗಿಲು ತೆರೆದಿರಲಿ. ಮಳೆ ಬಂದರೆ ಕೆಲಸ ನಿಲ್ಲಿಸಿ, ಶಟರ್ ಎಳೆಯಬೇಡಿ. ಕರ್ಚೀಫಿಂದ ಉಪಯೋಗವಿಲ್ಲ, ಈ ಹೊಗೆಯ ಕಣ ತುಂಬಾ ಸಣ್ಣ. ಕನಿಷ್ಠ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕು ಬೇಕು. ಗಡ್ಡ ಇದ್ದರೆ ಅಂಚಿನಲ್ಲಿ ಸಂದು ಬಿಡುತ್ತದೆ.

ಇನ್ನೆರಡು ಮಾತು, ಇವು ಜೀವದ ಪ್ರಶ್ನೆ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿದ ಪೈಪಿಗೆ ರಾಡ್ ತಾಗಿಸಬೇಡಿ. ಕ್ಲೋರಿನ್ ಇರೋ ಕ್ಲೀನರ್ ಆಗಿದ್ದರೆ ಆರ್ಕ್ ಶಾಖಕ್ಕೆ ಫಾಸ್ಜೀನ್ ಆಗುತ್ತದೆ, ಅದು ವಿಷಗಾಳಿ. ಇನ್ನು ಹಳದಿ ಲೇಪದ ಹಳೇ ಬೋಲ್ಟು. ಅದು ಸತುವೂ ಇರಬಹುದು, ಕ್ಯಾಡ್ಮಿಯಂ ಅನ್ನೋ ವಿಷಲೋಹವೂ ಇರಬಹುದು. ಕ್ಯಾಡ್ಮಿಯಂ ಹೊಗೆ ಮೊದಲ ದಿನ ಇದೇ ಜ್ವರದ ತರ ಕಾಣುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಯಾವುದು ಅಂತ ಗೊತ್ತಿಲ್ಲದ ಬೋಲ್ಟನ್ನು ವೆಲ್ಡ್ ಮಾಡಲೇಬೇಡಿ. ಉಸಿರಾಟ ಕಷ್ಟ ಆದರೆ ಅಥವಾ ಜ್ವರ ಎರಡು ದಿನ ದಾಟಿದರೆ ಆಸ್ಪತ್ರೆಗೆ ಹೋಗಿ. ವೆಲ್ಡಿಂಗ್ ಹೊಗೆ ಕುಡಿದಿದ್ದೇವೆ ಅಂತ ಡಾಕ್ಟರಿಗೆ ನೀವೇ ಹೇಳಿ, ಇಲ್ಲದಿದ್ದರೆ ಅವರೂ ಫ್ಲೂ ಅಂದುಕೊಳ್ಳಬಹುದು.

ಮಂಜು_ಗ್ರಿಲ್ಸ್
ಅಪ್‌ಡೇಟ್: ಪಾರ್ಟಿ ಜೊತೆ ಮಾತಾಡಿ 160 ಜಾಯಿಂಟ್ ಕ್ಲಾಂಪಿಗೆ ಬದಲಾಯಿಸಿದೆ. ಖರ್ಚು ಅರ್ಧರ್ಧ ಅಂತ ಒಪ್ಪಿಕೊಂಡರು. ಉಳಿದ 40ನ್ನು ಗ್ರೈಂಡ್ ಮಾಡಿ, ಅಂಗಳದಲ್ಲಿ ಮಾಸ್ಕ್ ಹಾಕಿ ವೆಲ್ಡ್ ಮಾಡಿದೆವು. ಕೆರೆದ ಜಾಗಕ್ಕೆ ಜಿಂಕ್ ಪೇಂಟ್ ಎರಡು ಕೋಟ್. ರಾತ್ರಿ ಹತ್ತಕ್ಕೆ ಇಬ್ಬರಿಗೂ ಫೋನ್ ಮಾಡಿದೆ. ಚಳಿ ಇಲ್ಲ, ಊಟ ಮಾಡುತ್ತಿದ್ದರು.