ಪುಟ್ಟಿ, ನಿಮ್ಮಪ್ಪನ ಬಿಪಿ ಮಾತ್ರೆ ವಿಷಯ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಅಪ್ಪನ ಬಿಪಿ ಎರಡು ಸಲವೂ 160/100 ಬಂದಿದೆ, ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ, ಅವನು ಮಾತ್ರೆ ಬೇಡ, ಪಥ್ಯದಲ್ಲೇ ಇಳಿಸುತ್ತೇನೆ ಅನ್ನುತ್ತಿದ್ದಾನೆ, ಏನು ಮಾಡೋದು ಅತ್ತೆ ಅಂತ ಕೇಳಿದ್ದೀಯ. ನನಗೆ ಬೆರಳು ಸರಿಯಾಗಿ ಬಗ್ಗುವುದಿಲ್ಲ, ಟೈಪ್ ಮಾಡೋಕಾಗಲ್ಲ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಗ್ರೂಪಿನಲ್ಲಿರುವ ಎಲ್ಲರೂ ಪೂರ್ತಿ ಕೇಳಿ.

ನನ್ನ ತಮ್ಮ ಹಠದಲ್ಲಿ ತೇಟ್ ನಮ್ಮಪ್ಪನೇ, ನಿಮಗೆಲ್ಲ ಗೊತ್ತಲ್ಲ. ಆದರೆ ಇದರಲ್ಲಿ ಹಠ ಬೇಡ. ನಾನೂ ಇದನ್ನೇ ಮಾಡಿ ಅನುಭವಿಸಿದ್ದೇನೆ.

ಆಗ ಶ್ರೀನಿವಾಸಪುರದ ಮನೆಯಲ್ಲಿದ್ದೆವು. ಮಾವಿನ ಕಾಲ. ಎರಡು ವರ್ಷದಿಂದ ಬಿಪಿ ಮಾತ್ರೆ ತಗೊಳ್ಳುತ್ತಿದ್ದೆ. ಸಾರಿಗೆ ಉಪ್ಪು ಅರ್ಧ ಮಾಡಿದ್ದೆ, ಬೆಳಿಗ್ಗೆ ತೋಪಿನ ತನಕ ನಡೆದು ಬರುತ್ತಿದ್ದೆ. ಚೆಕ್ ಮಾಡಿಸಿದರೆ 128/80. ಪಥ್ಯ ಕೆಲಸ ಮಾಡಿತು, ಇನ್ನು ಮಾತ್ರೆ ಯಾಕೆ ಅಂತ ನಾನಾಗೇ ಬಿಟ್ಟುಬಿಟ್ಟೆ. ಆ 128 ಬರೋದಕ್ಕೆ ಮಾತ್ರೆಯೂ ಕಾರಣ ಅಂತ ಹೊಳೆಯಲೇ ಇಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಚೆನ್ನಾಗೇ ಇದ್ದೆ. ಮೋಸ ಇರುವುದೇ ಅಲ್ಲಿ. ಬಿಪಿ ಏರಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ.

ಪಥ್ಯ ಅಂದೆನಲ್ಲ, ಅದೂ ಎಂಥ ಪಥ್ಯ? ಮುದ್ದೆಗೆ ನಾವು ಉಪ್ಪು ಹಾಕಲ್ಲ, ಸರಿ. ಮಜ್ಜಿಗೆ ಅನ್ನಕ್ಕೆ ಮಾತ್ರ ಎರಡು ಹೋಳು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ. ಸಾರಿನಲ್ಲಿ ಉಳಿಸಿದ ಉಪ್ಪೆಲ್ಲ ತಟ್ಟೆಯ ಅಂಚಿಗೆ ವಾಪಸ್ ಬಂದು ಕೂತಿತ್ತು.

ಮಾತ್ರೆ ಬಿಟ್ಟು ಐದಾರು ವಾರ ಆಗಿರಬೇಕು. ಬೆಳಿಗ್ಗೆ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುತ್ತಿದ್ದೆ. ಬಲಗೈಯಲ್ಲಿ ಗಂಟು ಬೀಳುತ್ತಿಲ್ಲ, ದಾರ ಜಾರುತ್ತಲೇ ಇದೆ. ನಿಮ್ಮ ಮಾವನನ್ನು ಕೂಗೋಣ ಅಂದರೆ ನಾಲಿಗೆ ತೊದಲಿತು. ಅವರು ಬಂದು ನೋಡಿ, ಬಾಯಿ ಸೊಟ್ಟಗಾಗಿದೆ ಕಣೇ ಅಂದರು. ನಾನು ಸ್ವಲ್ಪ ಮಲಗುತ್ತೇನೆ ಅಂತ ಸನ್ನೆ ಮಾಡಿದೆ. ಅವರು ಬಿಡಲಿಲ್ಲ. 108ಕ್ಕೆ ಫೋನ್ ಮಾಡಿ ಕೋಲಾರಕ್ಕೆ ಕರೆದುಕೊಂಡು ಹೋದರು. ಅಲ್ಲಿ ನೋಡಿದರೆ 210/120. ತಲೆ ಸ್ಕ್ಯಾನ್ ಮಾಡಿ, ಲಕ್ವ ಹೊಡೆದಿದೆ, ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಅಂದರು, ಮೊದಲು ಬಿಪಿ ಇಳಿಸಿದರು, ಆಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಅದನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಮಲಗಿಬಿಟ್ಟಿದ್ದರೆ ಇವತ್ತು ನಿಮ್ಮ ಹತ್ತಿರ ಹೀಗೆ ಮಾತಾಡುತ್ತಿರಲಿಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ.

ಮುಂದಿನ ವರ್ಷ ಉಪ್ಪಿನಕಾಯಿ ಹಾಕಲ್ಲ ಅಂದೆ. ಏಳು ಮನೆಗೆ ಹಾಕುತ್ತಿದ್ದೆ, ಕಾಯಿ ಒರೆಸುವುದರಿಂದ ಹಿಡಿದು ಎಲ್ಲ ನಾನೇ. ಕೈ ಹೇಗಿದೆ ಅಕ್ಕ ಅಂತ ಯಾರೂ ಕೇಳಲಿಲ್ಲ. "ಈ ಸಲ ಇಲ್ವಾ?" ಅಂತ ಕೇಳಿದರು. ಕೊಟ್ಟ ಭರಣಿ ಒಂದೂ ವಾಪಸ್ ಬರಲಿಲ್ಲ, ಅದರಲ್ಲಿ ಎರಡು ನಮ್ಮಮ್ಮನವು. ಗೃಹಪ್ರವೇಶದಲ್ಲಿ ನಮ್ಮನೆ ಸಾರನ್ನು ಆಸ್ಪತ್ರೆ ಸಾರು ಅಂದರು. ಯಾರು ಅಂತ ಹೇಳಲ್ಲ, ಈ ಗ್ರೂಪಿನಲ್ಲೇ ಇದ್ದಾರೆ. ಅವತ್ತು ಊಟ ಗಂಟಲಲ್ಲಿ ಇಳಿಯಲಿಲ್ಲ ನನಗೆ.

ಅಯ್ಯೋ, ಪುಟ್ಟಿ ಕೇಳಿದ್ದೇ ಮರೆತೆ ನೋಡು. ಮಾತ್ರೆ ಇವತ್ತೇ ಶುರುವಾಗಲಿ, ಡಾಕ್ಟರು ಹೇಳಿದ ಹೊತ್ತಿಗೆ. ಪಥ್ಯ ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಮಿಕ್ಸ್ಚರ್, ಬ್ರೆಡ್ಡು ಎಲ್ಲ ಅದೇ ಲೆಕ್ಕಕ್ಕೆ. ಬಸ್ಸಾರು, ಮಸ್ಸೊಪ್ಪು ಮಾಡು, ಉಪ್ಪು ಕಡಿಮೆ ಹಾಕಿ ಮೇಲೆ ನಿಂಬೆಹಣ್ಣು ಹಿಂಡು, ಸಪ್ಪೆ ಅನ್ನಿಸಲ್ಲ. ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪು ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಆಗಿಬರಲ್ಲ. ಕೇಳದೆ ತರಬೇಡ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುತ್ತಾನಲ್ಲ, ಆ ನೋವಿನ ಮಾತ್ರೆಗಳಲ್ಲೂ ಬಿಪಿ ಏರಿಸುವವು ಇವೆ. ಅದನ್ನು ಡಾಕ್ಟರಿಗೆ ಹೇಳು. ಬೀಡಿ ಬಿಡಿಸು. ದಿನಾ ಅರ್ಧ ಗಂಟೆ ನಡೆಯಲಿ.

ಬಿಪಿ ನೋಡುವಾಗ ಐದು ನಿಮಿಷ ಸುಮ್ನೆ ಕೂರಿಸು. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ. ಕಾಫಿ ಕುಡಿದ ತಕ್ಷಣ ನೋಡಬೇಡ. ಎರಡು ಸಲ ನೋಡಿ ಪುಸ್ತಕದಲ್ಲಿ ಬರೆದಿಡು. ಮಾತ್ರೆ ಕಡಿಮೆ ಮಾಡುವುದಿದ್ದರೆ ಆ ಪುಸ್ತಕ ನೋಡಿ ಡಾಕ್ಟರು ಮಾಡುತ್ತಾರೆ. ಚೆನ್ನಾಗಿದ್ದೀನಿ ಅಂತ ಅವನಾಗೇ ಬಿಡುವುದು ಬೇಡ ಪುಟ್ಟಿ, ಬೇಡವೇ ಬೇಡ. ದುಡ್ಡಿನ ಯೋಚನೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಪುಕ್ಕಟೆ ಕೊಡುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳು.

ರಾತ್ರಿ ಊಟ ಆದ ಮೇಲೆ ಫೋನು ಅವನ ಕೈಗೆ ಕೊಡು. ನಾನೇ ಮಾತಾಡುತ್ತೇನೆ.