ಗಾಯಗೊಂಡ ಯೋಧರಿಗಾಗಿ 240 ಕಿ.ಮೀ. ನಡಿಗೆ: ಹವಾಮಾನ ಕೈಕೊಟ್ಟರೆ ಅರ್ಧಕ್ಕೆ ವಾಪಸ್ ಬರಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಆರು ಜನ 12 ದಿನಗಳಲ್ಲಿ 240 ಕಿ.ಮೀ. ನಡೆಯಲು ಹೊರಟಿದ್ದೇವೆ. ಯುದ್ಧದಲ್ಲಿ ಗಾಯಗೊಂಡ ಸೈನಿಕರ ಚಿಕಿತ್ಸೆಗೆ, ಕೃತಕ ಕಾಲಿಗೆ ಹಣ ಕೂಡಿಸುವ ನಡಿಗೆ ಇದು. ಅರ್ಧ ದಾರಿ ಬೆಟ್ಟದ ನೆತ್ತಿಯ ಮೇಲೇ ಸಾಗುತ್ತದೆ. ನಾವು ಹೋಗುವ ಹೊತ್ತಿಗೆ ಅಲ್ಲಿ ಹಗಲಲ್ಲೂ 5 ಡಿಗ್ರಿ ದಾಟುವುದಿಲ್ಲ. ಗಾಳಿ, ಮಳೆ ಎರಡೂ ಇರುತ್ತವೆ.

ನನ್ನ ಅಣ್ಣ ಸೈನ್ಯದಲ್ಲಿದ್ದ. ನೆಲಬಾಂಬ್ ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಹೊಸದರಲ್ಲಿ ನಡುರಾತ್ರಿ ಎದ್ದು, ಇಲ್ಲದ ಪಾದವನ್ನು ತುರಿಸಿಕೊಳ್ಳಲು ಕೈ ಚಾಚುತ್ತಿದ್ದ. ಕೈಗೆ ಹಾಸಿಗೆ ಮಾತ್ರ ಸಿಗುತ್ತಿತ್ತು. ನಾನು ದೀಪ ಹಾಕದೆ ಸುಮ್ನೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಈ ನಡಿಗೆಯ ಯೋಚನೆ ಹುಟ್ಟಿದ್ದು ಅಲ್ಲೇ.

ಎರಡು ವಿಷಯ ಕೇಳಬೇಕಿತ್ತು. ಜನ ಒಂದೊಂದು ಕಿಲೋಮೀಟರಿಗೆ ಇಷ್ಟು ಅಂತ ಹಣ ಕೊಡುವ ಮಾತು ಕೊಟ್ಟಿದ್ದಾರೆ. ಹವಾಮಾನ ಕೆಟ್ಟು 150ಕ್ಕೇ ನಿಲ್ಲಿಸಿದರೆ ಅವರಿಗೆ ಮೋಸ ಮಾಡಿದಂತೆ ಆಗುತ್ತದಾ? ಇನ್ನೊಂದು, ಕೊನೆಯ ದಿನದ 8 ಕಿ.ಮೀ. ಅಣ್ಣನನ್ನೂ ನಡೆಸಬೇಕು ಅಂತ ನಮ್ಮ ತಂಡದ ಆಸೆ. ಇದು ಸರಿಯಾ?

ಉತ್ತರ 1

ಮೊದಲನೆಯದಕ್ಕೆ ನನ್ನ ಅನುಭವ ಹೇಳುತ್ತೇನೆ. ಇಂಥದ್ದೇ ಒಂದು ನಡಿಗೆಯಲ್ಲಿ ನಾವು 31 ಕಿ.ಮೀ. ಬಾಕಿ ಇರುವಾಗ ವಾಪಸ್ ಬಂದೆವು.

ಆರನೆಯ ದಿನ. ಹಿಮ ಇರಲಿಲ್ಲ, ಬರೀ ಜಿಟಿಜಿಟಿ ಮಳೆ, ಗಾಳಿ. ಸುಮಾರು 4 ಡಿಗ್ರಿ. ಒಣ ಹಿಮದಲ್ಲಿ ಬಟ್ಟೆ ಬೇಗ ನೆನೆಯುವುದಿಲ್ಲ. ಈ ಮಳೆ ಹಾಗಲ್ಲ, ಒಳಗಿನವರೆಗೂ ಇಳಿಯುತ್ತದೆ, ಮೇಲಿಂದ ಗಾಳಿ ಮೈಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಳಗ್ಗೆಯಿಂದ ಮಾತಾಡುತ್ತಿದ್ದ ಗೆಳತಿ ಮಧ್ಯಾಹ್ನ ಮೌನವಾದಳು. ಎರಡು ಸಲ ಎಡವಿದಳು. ಬ್ಯಾಗಿನ ಬಕಲ್ ಬಿಚ್ಚಲು ಹೋದರೆ ಬೆರಳುಗಳು ಅದರ ಮೇಲೆ ಜಾರುತ್ತಿದ್ದವು, ಒತ್ತಲು ಆಗುತ್ತಿರಲಿಲ್ಲ. "ಚಳಿ ಆಗ್ತಿದೆಯಾ?" ಅಂದರೆ "ಇಲ್ಲ" ಅಂದಳು, ನಾಲಿಗೆ ತೊದಲುತ್ತಿತ್ತು. ಅದು ಹೈಪೋಥರ್ಮಿಯಾ, ಅಂದರೆ ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯುವುದು, ಶುರುವಾದ ಲಕ್ಷಣ.

ಅಲ್ಲೇ ಟೆಂಟ್ ಹಾಕಿ, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿದೆವು. ಎಚ್ಚರವಾಗಿದ್ದಳು, ನುಂಗಲು ಆಗುತ್ತಿತ್ತು, ಹಾಗಾಗಿ ಬಿಸಿ ಸಿಹಿ ನೀರು ಕೊಟ್ಟೆವು. ಕೈಕಾಲು ಉಜ್ಜಬೇಡಿ, ಮದ್ಯ ಕೊಡಲೇಬೇಡಿ. ಮೈ ಇನ್ನೂ ತಣ್ಣಗಿರುವಾಗಲೇ ನಡುಕ ನಿಂತರೆ ಸುಧಾರಿಸಿದರು ಅಂದುಕೊಳ್ಳಬೇಡಿ. ಅದು ಇನ್ನೂ ಅಪಾಯ, ತಕ್ಷಣ ಸಹಾಯಕ್ಕೆ ಕರೆ ಮಾಡಿ. ಮುಚ್ಚಿದ ಟೆಂಟಿನೊಳಗೆ ಸ್ಟೌ ಹಚ್ಚಬೇಡಿ, ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಹತ್ತಿ ಬಟ್ಟೆ ಬೇಡವೇ ಬೇಡ. ನೆನೆದರೆ ಒಣಗುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಒಂದು ಜೊತೆ ಒಣ ಬಟ್ಟೆ ಟೆಂಟಿಗೆ ಮಾತ್ರ ಅಂತ ಎತ್ತಿಡಿ, ನಡೆಯುವಾಗ ಎಷ್ಟೇ ಚಳಿಯಾದರೂ ಮುಟ್ಟಬೇಡಿ.

ಇನ್ನು ಮೋಸದ ಮಾತು. 2013ರಲ್ಲಿ ವಾಕಿಂಗ್ ವಿತ್ ದ ವೂಂಡೆಡ್ ಅನ್ನುವ ಬ್ರಿಟನ್ನಿನ ಸಂಸ್ಥೆ ಗಾಯಗೊಂಡ 12 ಯೋಧರನ್ನು ಮೂರು ತಂಡ ಮಾಡಿ ದಕ್ಷಿಣ ಧ್ರುವಕ್ಕೆ ಕರೆದೊಯ್ದಿತು. ಒಂದು ತಂಡದ ಜೊತೆ ರಾಜಕುಮಾರ ಹ್ಯಾರಿ ಕೂಡ ಇದ್ದರು. ಅದು ತಂಡಗಳ ನಡುವಿನ ಸ್ಪರ್ಧೆಯಾಗಿ ಶುರುವಾಗಿತ್ತು. ದಾರಿ ತೀರಾ ಕಠಿಣ ಅಂತ ಗೊತ್ತಾದಾಗ ಅರ್ಧದಲ್ಲೇ ಸ್ಪರ್ಧೆ ಕೈಬಿಟ್ಟರು. ಡಿಸೆಂಬರ್ 13ರಂದು ಎಲ್ಲರೂ ಒಟ್ಟಿಗೆ ಧ್ರುವ ಮುಟ್ಟಿದರು. ಸ್ಪರ್ಧೆ ಬಿಟ್ಟರು ಅಂತ ಆ ನಡಿಗೆಯ ತೂಕ ಕಡಿಮೆಯಾಯಿತಾ?

ಉತ್ತರ 2

ತಮ್ಮಾ, ನಾನೂ ಮಾಜಿ ಸೈನಿಕ. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ನಿನ್ನ ಎರಡನೆಯ ಪ್ರಶ್ನೆಗೆ ನಾನು ಹೇಳುತ್ತೇನೆ.

ನೀನು "ನಡೆಸಬೇಕು" ಅಂತ ಬರೆದಿದ್ದೀಯ. ಅಣ್ಣನನ್ನು ಕೇಳಿದೆಯಾ? ಮೊದಲು ಕೇಳು. ಎಲ್ಲಿ, ಎಷ್ಟು, ಫೋಟೋ ತೆಗೆಯಬಹುದಾ, ಎಲ್ಲವನ್ನೂ ಅವನೇ ಹೇಳಲಿ. ಕೊನೆಯ ದಿನ ಕ್ಯಾಮೆರಾ ಮುಂದೆ ಜನ ಚಪ್ಪಾಳೆ ತಟ್ಟುತ್ತಾ ನಿಂತಿದ್ದರೆ, ಕಾಲು ಎಷ್ಟು ನೋಯುತ್ತಿದ್ದರೂ ನಮ್ಮಂಥವರು "ಸಾಕು" ಅನ್ನುವುದಿಲ್ಲ. ನಾನು ಅಂದಿಲ್ಲ. ಆಮೇಲೆ ಮೂರು ವಾರ ಕೃತಕ ಕಾಲು ಹಾಕಲು ಆಗಲಿಲ್ಲ.

ನಡೆಯುತ್ತಾ ಹೋದಂತೆ, ತುಂಡಾಗಿ ಉಳಿದ ಕಾಲಿನ ಭಾಗದ ಗಾತ್ರ ಇಳಿಯುತ್ತದೆ. ಬೆಳಗ್ಗೆ ಬಿಗಿಯಾಗಿದ್ದ ಸಾಕೆಟ್ (ಕೃತಕ ಕಾಲಿನಲ್ಲಿ ಆ ಭಾಗ ಕೂರುವ ಬಟ್ಟಲು) ಮಧ್ಯಾಹ್ನ ಸಡಿಲ. ಕಾಲು ಒಳಗೆ ಮೇಲೆ ಕೆಳಗೆ ಆಡುತ್ತದೆ, ಚರ್ಮ ಕಿತ್ತುಬರುತ್ತದೆ. ಅದಕ್ಕೆ ಆ ಭಾಗಕ್ಕೆ ಹಾಕುವ ತೆಳು, ದಪ್ಪ ಸಾಕ್ಸ್ ಎರಡೂ ಜೇಬಲ್ಲಿರಬೇಕು, ನಡುನಡುವೆ ಸೇರಿಸಬೇಕು. ಎಷ್ಟೇ ಚಳಿ ಇದ್ದರೂ ಲೈನರ್ (ಚರ್ಮಕ್ಕೂ ಸಾಕೆಟ್‌ಗೂ ನಡುವಿನ ಮೆತ್ತನೆಯ ಹೊದಿಕೆ) ಒಳಗೆ ಬೆವರುತ್ತದೆ. ಗಂಟೆಗೊಮ್ಮೆ ಬಿಚ್ಚಿ ಒರೆಸಬೇಕು. ಆ ಐದು ನಿಮಿಷ ಗಾಳಿಗೆ ಅಡ್ಡವಾಗಿ ನೀವು ನಿಲ್ಲಿ. ಕೆಂಪು ಗುರುತು ಬೇಗ ಮಾಯವಾಗದಿದ್ದರೆ ಅವತ್ತಿನ ನಡಿಗೆ ಮುಗಿಯಿತು ಅಂತಲೇ. ಇಳಿಜಾರು ಏರಿಗಿಂತ ಕಷ್ಟ, ನಮ್ಮ ಪಾದ ನಿಮ್ಮ ಪಾದದಂತೆ ಬಾಗುವುದಿಲ್ಲ. ಎರಡು ಕೋಲು ಇರಲಿ.

ನಡಿಗೆ ಬೇಡ ಅನ್ನುತ್ತಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅರ್ಲ್ ಶೇಫರ್ ಅನ್ನುವ ಅಮೆರಿಕದ ಸೈನಿಕ, ಯುದ್ಧವನ್ನು ಮೈಯಿಂದ ಇಳಿಸಿಕೊಳ್ಳಬೇಕು ಅಂತಲೇ 1948ರಲ್ಲಿ ಅಪಲೇಚಿಯನ್ ಟ್ರೇಲ್ ಅನ್ನುವ ಅಲ್ಲಿನ ಬೆಟ್ಟಸಾಲಿನ ಕಾಲುದಾರಿ ಹಿಡಿದು ಹೊರಟ. ಮೂರು ಸಾವಿರ ಕಿ.ಮೀ.ಗೂ ಜಾಸ್ತಿ. ನಡೆದರೆ ಏನು ಇಳಿಯುತ್ತದೆ ಅಂತ ನನಗೂ ಗೊತ್ತು.

ಉತ್ತರ 3

ಹಣದ ಬಗ್ಗೆ ಎರಡೇ ಮಾತು. ಅದು ನೇರ ಸಂಸ್ಥೆಯ ಖಾತೆಗೇ ಹೋಗಲಿ, ನಿಮ್ಮ ಕೈಗೆ ಬರುವುದು ಬೇಡ. ಟೆಂಟು, ಬೂಟು, ಪ್ರಯಾಣದ ಖರ್ಚು ನಿಮ್ಮದೇ. "ಹವಾಮಾನ ಕೆಟ್ಟರೆ ವಾಪಸ್ ಬರುತ್ತೇವೆ" ಅಂತ ಈಗಲೇ ಕೊಡುವವರಿಗೆಲ್ಲ ಬರೆದು ತಿಳಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಸಾಲನ್ನು ಎಲ್ಲರಿಗೂ ಕಳಿಸಿದೆ. ಕೊಟ್ಟ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಸರ್, ನಾನು ಕೇಳಿರಲಿಲ್ಲ. ನೀವು ಹೇಳಿದ ಮೇಲೆ ಕೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಕೊನೆಯ ದಿನ ಬೇಡ, ಮೂರನೆಯ ದಿನ ಕೆರೆ ಪಕ್ಕದ ಸಮತಟ್ಟು ದಾರಿಯಲ್ಲಿ 3 ಕಿ.ಮೀ. ಬರುತ್ತೇನೆ, ಫೋಟೋ ಬೇಡ ಅಂದ. ಉಳಿದ ದಿನ ರಾತ್ರಿ ಎಂಟಕ್ಕೆ ಹವಾಮಾನ ನೋಡಿ ಫೋನ್ ಮಾಡುತ್ತಾನಂತೆ. ಅವನು ವಾಪಸ್ ಬನ್ನಿ ಅಂದರೆ ವಾದ ಮಾಡದೆ ಬರಬೇಕು ಅಂತ ಆರೂ ಜನರಿಂದ ಮಾತು ತೆಗೆದುಕೊಂಡಿದ್ದಾನೆ.

ನಿನ್ನೆ ನನ್ನ ಬ್ಯಾಗನ್ನು ಕೈಯಲ್ಲಿ ಎತ್ತಿ ನೋಡಿ, ಭಾರ ಜಾಸ್ತಿ ಅಂತ ನೆಲದ ಮೇಲೆ ಎಲ್ಲವನ್ನೂ ಸುರಿದ. ಹತ್ತಿ ಬಟ್ಟೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ. ತನ್ನ ಹಳೆಯ ಉಣ್ಣೆ ಟೋಪಿ ತಂದು ಮೇಲಿನ ಜೇಬಿಗೆ ತುರುಕಿದ.