ಹಿಮ್ಮಡಿಯ ಗೇರ್ ಲಿವರ್: ತೆಗೆಯಬೇಕೆ, ಸರಿಹೊಂದಿಸಿದರೆ ಸಾಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಸ್ಪ್ಲೆಂಡರ್ ಮೇಲೆ ಬೈಕ್ ಕಲಿತವನು. ಈಗ ಟೆಕ್ಸಸ್‌ನಲ್ಲಿದ್ದು, 2018ರ ಮಾದರಿಯ ಹಾರ್ಲೆ-ಡೇವಿಡ್‌ಸನ್ ರೋಡ್ ಕಿಂಗ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಇದರಲ್ಲಿ ಗೇರ್ ಬದಲಿಸಲು ಮುಂದೆ ಬೆರಳಿಗೊಂದು, ಹಿಂದೆ ಹಿಮ್ಮಡಿಗೊಂದು ಲಿವರ್ ಇದೆ. ನನ್ನದು 11ನೇ ಸೈಜಿನ ದಪ್ಪ ಬೂಟಾದ್ದರಿಂದ, ದೂರದ ಪ್ರಯಾಣದಲ್ಲಿ ಮೊಣಕಾಲು ನೋಯತೊಡಗಿದಾಗ ಕಾಲನ್ನು ಹಿಂದಕ್ಕೆ ಸರಿಸಹೋದರೆ ಹಿಮ್ಮಡಿ ಆ ಲಿವರಿಗೆ ತಗಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಸಿಗ್ನಲ್ ಹತ್ತಿರವಾದಾಗ ಗೇರ್ ಇಳಿಸುತ್ತಿದ್ದೇನೆಂದುಕೊಂಡು ಹಿಮ್ಮಡಿ ಒತ್ತಿ ಎರಡು ಬಾರಿ ಗೇರ್ ಏರಿಸಿಬಿಟ್ಟೆ. ಹಿಂದಿನ ಲಿವರನ್ನು ತೆಗೆದುಬಿಟ್ಟರೆ ಬೇರೇನಾದರೂ ಕೆಡುತ್ತದೆಯೆ?

ಉತ್ತರ 1

ನಿಮ್ಮ ಎರಡನೆಯ ತೊಂದರೆಗೆ ಕಾರಣ ದಾವಣಗೆರೆಯಲ್ಲಿದೆ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್‌ಗಳು ಮುಂದಕ್ಕೆ ಒತ್ತಿದರೆ ಬೀಳುತ್ತವೆ, ಹಿಮ್ಮಡಿ ಒತ್ತಿದರೆ ಇಳಿಯುತ್ತವೆ. ರೋಡ್ ಕಿಂಗ್‌ನಲ್ಲಿ ಮುಂದಿನ ಲಿವರನ್ನು ಕೆಳಗೆ ಒತ್ತಿದರೆ ಒಂದನೆಯದು, ಬೆರಳಿನಿಂದ ಮೇಲಕ್ಕೆ ಎತ್ತಿದರೆ ಉಳಿದ ಐದು. ಹಿಮ್ಮಡಿ ಒತ್ತುವುದೂ ಮುಂದಿನದನ್ನು ಎತ್ತಿದಂತೆಯೇ, ಹಾಗಾಗಿ ಹಿಮ್ಮಡಿ ಒತ್ತಿದಾಗಲೆಲ್ಲ ಗೇರ್ ಏರುತ್ತದೆ. ಲಿವರ್ ತೆಗೆದರೆ ಹಿಮ್ಮಡಿಗೆ ಒತ್ತಲು ಏನೂ ಸಿಗದಿರುವುದರಿಂದ ಆ ಅಪಾಯವೊಂದು ತಪ್ಪುತ್ತದೆ, ಆದರೆ ಮುಂದಿನ ಬೆರಳಿಗೂ ಅದೇ ಹಳೆಯ ಅಭ್ಯಾಸವಿದೆಯೆಂಬುದನ್ನು ಮರೆಯಬೇಡಿ. ಖಾಲಿ ಮೈದಾನದಲ್ಲಿ ಒಂದು ಗಂಟೆ ಏರಿಸಿ ಇಳಿಸಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಬಿಚ್ಚುವ ವಿಷಯ. ಎರಡು ಲಿವರ್‌ಗಳೂ ಹಲ್ಲುಗಳಿರುವ ಒಂದೇ ಶಾಫ್ಟಿನ ಮೇಲೆ ಬೇರೆ ಬೇರೆಯಾಗಿ ಕೂತಿರುವುದರಿಂದ ಏನನ್ನೂ ಕತ್ತರಿಸಬೇಕಾಗಿಲ್ಲ, ಬೇಕೆನಿಸಿದ ದಿನ ಮತ್ತೆ ಹಾಕಿಕೊಳ್ಳಬಹುದು. ಕೈಹಾಕುವ ಮೊದಲು ಯಾವುದು ಒಳಗಿದೆ, ಯಾವುದು ಹೊರಗಿದೆ, ಯಾವ ಕೋನದಲ್ಲಿದೆ ಎಂಬುದು ಕಾಣುವಂತೆ ಫೋಟೋ ತೆಗೆದಿಟ್ಟುಕೊಂಡು, ಶಾಫ್ಟಿನ ತುದಿಗೂ ಲಿವರಿಗೂ ಸೇರುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಇದರ ಬೋಲ್ಟುಗಳು ಇಂಚಿನ ಅಳತೆಯವು. ಸುಮಾರಾಗಿ ಕೂರುತ್ತದೆಂದು ಮಿಲಿಮೀಟರ್ ಅಲನ್ ಕೀ ಹಾಕಿದರೆ ಬೋಲ್ಟಿನ ತಲೆ ಸವೆದು, ಹತ್ತು ನಿಮಿಷದ ಕೆಲಸ ಒಂದು ದಿನದ್ದಾಗುತ್ತದೆ. ಬೋಲ್ಟನ್ನು ಸಡಿಲಿಸಿದರಷ್ಟೇ ಸಾಲದು, ಪೂರ್ತಿ ಹೊರತೆಗೆಯಿರಿ. ಲಿವರ್ ಬಿಗಿಯಾಗಿದ್ದರೆ ಸುತ್ತಿಗೆಯಿಂದ ಹೊಡೆಯದೆ, ಸ್ವಲ್ಪ ಎಣ್ಣೆ ಬಿಟ್ಟು ಆಡಿಸುತ್ತ ಎಳೆಯಿರಿ.

ತೆಗೆದ ಲಿವರಿನ ಜಾಗ ಖಾಲಿಯಾಗುತ್ತದೆ. ಅಲ್ಲಿಗೆ ಹಾಕಲೆಂದೇ ಸ್ಪೇಸರ್ ಎಂಬ ಬಳೆಯಂಥ ತುಂಡು ಮಾರಾಟಕ್ಕಿದೆ. ಮುಂದಿನ ಲಿವರ್ ಮೊದಲಿದ್ದ ಸಾಲಿನಲ್ಲೇ ನಿಲ್ಲಲು ಅದು ಬೇಕು. ಬೋಲ್ಟನ್ನು ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ, ಏಕೆಂದರೆ ಸಡಿಲವಾಗಿ ಓಡಿಸಿದರೆ ಲಿವರಿನ ಒಳಹಲ್ಲು ಸವೆದು ಆಮೇಲೆ ಎಷ್ಟು ಬಿಗಿದರೂ ಹಿಡಿಯುವುದಿಲ್ಲ.

ಉತ್ತರ 2

ನನ್ನದು ಮೈಸೂರು, ಗಾಡಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಬೆರಳು-ಹಿಮ್ಮಡಿ ಎರಡಕ್ಕೂ ಸೇರಿ ಒಂದೇ ತುಂಡಿನ ಲಿವರ್ ಇರುವ ನಮ್ಮಂಥವರ ಕಷ್ಟ ಬೇರೆ: ಅದು ಏತದ ಹಾಗೆ, ಬೂಟಿಗೆ ಜಾಗ ಬೇಕೆಂದು ಮುಂದಿನ ತುದಿ ಎತ್ತಿದರೆ ಹಿಂದಿನದು ತಾನಾಗಿ ತಗ್ಗುತ್ತದೆ. ನಿಮಗೆ ಆ ಕಟ್ಟುಪಾಡಿಲ್ಲದಿರುವಾಗ ತೆಗೆಯುವ ಅವಸರವೇಕೆ? ಹಿಂದಿನ ಲಿವರನ್ನು ಒಂದು ಹಲ್ಲು ಮೇಲಕ್ಕೆ ಕೂರಿಸಿ ಒಂದು ವಾರ ಓಡಿಸಿ ನೋಡಬಹುದು. ಚಪ್ಪಲಿಯಲ್ಲೋ ಆಫೀಸಿನ ಶೂನಲ್ಲೋ ಹತ್ತಿರದ ಓಡಾಟಕ್ಕೆ ಹೊರಟಾಗ ಹಿಮ್ಮಡಿಯ ಲಿವರ್ ಎಷ್ಟು ಉಪಕಾರಿ ಎಂಬುದು ಎಡಗಾಲಿನ ಶೂ ಮೇಲೆ ಕಪ್ಪು ಕಲೆ ಬಿದ್ದವರಿಗೆ ಗೊತ್ತು.

ಉತ್ತರ 1 ಬರೆದವರಿಂದ

ಅವರ ಮಾತನ್ನು ಒಪ್ಪುತ್ತೇನೆ, ಆದರೆ ಹಿಂದಿನ ಲಿವರನ್ನು ಎತ್ತಿದರೆ ಒತ್ತಲು ಹಿಮ್ಮಡಿಯನ್ನೂ ಅಷ್ಟೇ ಎತ್ತಬೇಕಾಗುತ್ತದೆ. ನೋವಿರುವ ಮೊಣಕಾಲಿಗೆ ಅದು ಹಿತವಲ್ಲ. ನೀವು ಯಾವುದನ್ನೇ ಆರಿಸಿಕೊಂಡರೂ ಮುಂದಿನ ಲಿವರನ್ನು ಮಾತ್ರ ಬೂಟು ಹಾಕಿಕೊಂಡೇ ಹೊಂದಿಸಿ. ಗೇರ್ ಏರಿಸಲು ಬೂಟಿನ ಮೂತಿ ಅದರ ಕೆಳಗೆ ಸಲೀಸಾಗಿ ನುಸುಳಬೇಕು. ಒಂದನೇ ಗೇರಿಗೆ ಪೂರ್ತಿ ಒತ್ತಿದಾಗ ಲಿವರ್ ಫುಟ್‌ಬೋರ್ಡಿಗೆ ತಾಗಲೂಬಾರದು. ತಾಗಿದರೆ ಗೇರ್ ಅರ್ಧ ಬಿದ್ದು ಜಾರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಮೊದಲು ಮೈಸೂರಿನವರ ಸಲಹೆಯಂತೆ ಒಂದು ಹಲ್ಲು ಎತ್ತಿ ಕೂರಿಸಿದೆ. ಹಿಮ್ಮಡಿಗೆ ತಗಲುವುದು ನಿಂತಿತು, ಆದರೆ ಸುಮಾರು 370 ಕಿಲೋ ತೂಕದ ಗಾಡಿಯನ್ನು ಟ್ರಾಫಿಕ್‌ನಲ್ಲಿ ಮೆಲ್ಲಗೆ ಓಡಿಸುವಾಗ ಪ್ರತಿ ಸಲವೂ ಕಾಲೆತ್ತುವುದು ಸರಿಬರಲಿಲ್ಲ. ಆದ್ದರಿಂದ ಶನಿವಾರ ಲಿವರ್ ತೆಗೆದು, ಸ್ಪೇಸರ್ ಹಾಕಿ, ಮುಂದಿನದನ್ನು ಬೂಟಿಗೆ ಹೊಂದಿಸಿ ಸುಮಾರು ನೂರು ಮೈಲಿ ಓಡಿಸಿದೆ. ಕಾಲು ಈಗ ಫುಟ್‌ಬೋರ್ಡಿನ ತುದಿಯವರೆಗೂ ಸರಾಗವಾಗಿ ಹೋಗುತ್ತದೆ. ಸಿಗ್ನಲ್ ಬಂದಾಗ ಹಿಮ್ಮಡಿ ಇನ್ನೂ ಗಾಳಿಯಲ್ಲಿ ಲಿವರ್ ಹುಡುಕುತ್ತದೆ. ತೆಗೆದ ಲಿವರನ್ನು ಅದರ ಬೋಲ್ಟಿನೊಂದಿಗೆ ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನಲ್ಲಿಟ್ಟಿದ್ದೇನೆ.